ಓಝೋನ್ ಜಾಸ್ತಿ ಇರುವ ದಿನ: ಆಕಾಶ ನೋಡಿ ಆಟದ ಹೊತ್ತು ಆರಿಸುವುದು ಹೇಗೆ?

ನನ್ನ ಮಗನಿಗೆ ಆಸ್ತಮಾ. ಬೆಂಗಳೂರಿನ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಕ್ರಿಕೆಟ್ ಆಡಿ ಬಂದರೆ ರಾತ್ರಿಯವರೆಗೂ ಕೆಮ್ಮುತ್ತಿದ್ದ. ಸುಮ್ನೆ ಧೂಳಿರಬೇಕು ಅಂದುಕೊಂಡಿದ್ದೆ. ನಾವು ಉಸಿರಾಡುವ ಗಾಳಿಯಲ್ಲೇ ಸೇರಿಕೊಂಡು ಶ್ವಾಸನಾಳಗಳನ್ನು ಕೆರಳಿಸುವ ಓಝೋನ್ ಅನಿಲದ ಕಡೆ ಗಮನ ಹೋಗಿದ್ದು ಆಮೇಲೆ.

ಓಝೋನ್ ಗಾಡಿಗಳಿಂದ ನೇರವಾಗಿ ಬರುವುದಿಲ್ಲ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು, ಪೆಟ್ರೋಲ್, ಪೇಂಟಿನಂಥವುಗಳ ಆವಿ ಬಿಸಿಲಿಗೆ ಸಿಕ್ಕಿ ಗಾಳಿಯಲ್ಲೇ ಓಝೋನ್ ಹುಟ್ಟುತ್ತದೆ. ಅದಕ್ಕೇ ಮೊದಲು ಆಕಾಶ ನೋಡಿ. ಮೋಡವಿಲ್ಲ, ಸುಡುಬಿಸಿಲು, ಎಲೆಯೂ ಅಲ್ಲಾಡುತ್ತಿಲ್ಲ ಅಂದರೆ ಹುಷಾರು. ಮೋಡ ಕವಿದರೆ ಓಝೋನ್ ಹುಟ್ಟುವುದೇ ಕಡಿಮೆ. ಗಾಳಿ ಜೋರಾಗಿ ಬೀಸಿದರೆ ಚದುರಿಹೋಗುತ್ತದೆ.

ಇನ್ನು ಹೊತ್ತು. ಸಾಮಾನ್ಯವಾಗಿ ಬೆಳಿಗ್ಗೆ ಕಡಿಮೆ ಇರುತ್ತದೆ, ಮಧ್ಯಾಹ್ನದಿಂದ ಸಂಜೆ 4ರವರೆಗೆ ಜಾಸ್ತಿ. ನಾವು ಆಟವನ್ನು ಬೆಳಿಗ್ಗೆ 6.30ಕ್ಕೆ ಬದಲಾಯಿಸಿದೆವು. ಹೊರಡುವ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಓಝೋನ್ ಅನ್ನೇ ಬೇರೆಯಾಗಿ ನೋಡಿ. ನಮ್ಮ ದೇಶದ ಮಿತಿ 8 ಗಂಟೆಯ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ.

ಒಂದು ವಿಷಯ ನನಗೆ ನಂಬಲು ಕಷ್ಟವಾಯಿತು. ಗಾಡಿ ತುಂಬಿದ ರಸ್ತೆ ಪಕ್ಕ ಓಝೋನ್ ಎಷ್ಟೋ ಸಲ ಕಡಿಮೆ ಇರುತ್ತದೆ, ಏಕೆಂದರೆ ಆ ನೈಟ್ರೋಜನ್ ಆಕ್ಸೈಡ್‌ಗಳಲ್ಲೇ ಒಂದಾದ, ಹೊಗೆಯಲ್ಲಿ ಆಗಷ್ಟೇ ಹೊರಬಂದ ನೈಟ್ರಿಕ್ ಆಕ್ಸೈಡ್ ಅದನ್ನು ತಿಂದುಹಾಕುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿರುವ ಊರಾಚೆಯ ಮೈದಾನದಲ್ಲೇ ಹೆಚ್ಚಿರಬಹುದು! ಹಾಗಂತ ರಸ್ತೆ ಬದಿ ಆಡಿಸಬೇಡಿ, ಅಲ್ಲಿ ಬೇರೆ ವಿಷಗಳಿವೆ. ಸಾಮಾನ್ಯ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ. ಡಾಕ್ಟರ್ ಕೊಟ್ಟ ಇನ್ಹೇಲರ್ ಮಾತ್ರ ಯಾವಾಗಲೂ ಬ್ಯಾಗಿನಲ್ಲಿರಲಿ.