ಎತ್ತುವ ಮೊದಲು ಕೇಳಿ: ವಿಕಲಚೇತನರ ಸಹಾಯಕರಾಗಲು ತಯಾರಿ ಹೀಗೆ

ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನೋ ಲಕ್ವಾ ಹೊಡೆದವರನ್ನೋ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಮನೆಮಂದಿ ಕೇಳುವುದು ಒಂದೇ ಮಾತು: ‘ನೋಡ್ಕೊಳ್ಳಾಕ ಯಾರರ ಸಿಗ್ತಾರೇನ್ರಿ?’ ಕೆಲಸ ಹುಡುಕುವವರು ಬೇಕಷ್ಟಿದ್ದಾರೆ, ಕಲಿತು ಬಂದವರು ಕಡಿಮೆ. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಅನುಭವ ಉಪಯೋಗಕ್ಕೆ ಬರುತ್ತದೆ, ಆದರೆ ಸಾಲದು. ಅಲ್ಲಿ ರೋಗಿಗೆ ಎಲ್ಲವನ್ನೂ ಮಾಡಿಕೊಡುವುದು ರೂಢಿ. ಇಲ್ಲಿ ಅವರು ಮಾಡಬಲ್ಲದ್ದನ್ನು ಅವರಿಗೇ ಬಿಟ್ಟು, ಉಳಿದದ್ದಕ್ಕೆ ಮಾತ್ರ ಕೈ ಹಚ್ಚಬೇಕು.

ಮೊದಲು ದಾರಿ ಆರಿಸಿಕೊಳ್ಳಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಎಲ್ಲಕ್ಕೂ ಒಬ್ಬರೇ ತಯಾರಾಗುವುದು ಆಗದ ಮಾತು. ಹಾಸಿಗೆ, ಗಾಲಿಕುರ್ಚಿಯಲ್ಲಿರುವವರ ಆರೈಕೆಯೋ, ಬುದ್ಧಿಮಾಂದ್ಯ ಮತ್ತು ಆಟಿಸಂ ಇರುವ ಮಕ್ಕಳ ಜೊತೆಗಿನ ಕೆಲಸವೋ ನಿರ್ಧರಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ಎಲ್ಲರೂ ಕರೆಯುವುದು ‘ವಿಆರ್‌ಡಬ್ಲ್ಯೂ’ ಎಂದೇ) ಮೊದಲು ಕಾಣಿ. ಸ್ವತಃ ವಿಕಲಚೇತನರಾಗಿರುವ ಇವರಿಗೆ ಯಾವ ಓಣಿಯಲ್ಲಿ ಯಾರಿಗೆ ಏನು ಬೇಕೆಂಬುದು ಗೊತ್ತು. ಒಪ್ಪಿದ ಮನೆಗಳಿಗೆ ಅವರ ಜೊತೆ ಎರಡು ವಾರ ಓಡಾಡಿದರೆ ಈ ಕೆಲಸ ನಿಮ್ಮ ಮನಸ್ಸಿಗೆ ಒಗ್ಗುತ್ತದೋ ಇಲ್ಲವೋ ತಿಳಿದುಹೋಗುತ್ತದೆ.

ನಂತರ ಕೋರ್ಸು. ಪುನರ್ವಸತಿ ತರಬೇತಿಗೆ ಮಾನ್ಯತೆ ಕೊಡುವುದು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ಅದು 2021ರಲ್ಲಿ ಶುರು ಮಾಡಿದ ಆರು ತಿಂಗಳ ‘ಸಿಬಿಐಡಿ’ (ಸಮುದಾಯ ಆಧಾರಿತ, ಎಲ್ಲರನ್ನೂ ಒಳಗೊಂಡ ಅಭಿವೃದ್ಧಿ) ಕೋರ್ಸು ಊರೊಳಗೆ ಕೆಲಸ ಮಾಡುವವರಿಗೆಂದೇ ರೂಪಿಸಿದ್ದು. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪುನರ್ವಸತಿ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ಈ ವರ್ಷ ಯಾವ ತರಗತಿ ನಡೆಯುತ್ತಿದೆ ಎಂದು ಅಲ್ಲಿ ಮತ್ತು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಫೀ ಕಟ್ಟುವ ಮೊದಲು ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆಯ ವರ್ಷ ಮೂರೂ ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲಿ ಇವೆಯೇ ನೋಡಿ. ಹದಿನೈದು ದಿನದಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರ ಕಡೆ ತಿರುಗಿ ನೋಡುವುದೂ ಬೇಡ. ಜೀವಂತ ಮನುಷ್ಯರ ಜೊತೆ ಅಭ್ಯಾಸವಿಲ್ಲದ ತರಬೇತಿ ಈಜು ಕಲಿಯಲು ಪುಸ್ತಕ ಓದಿದ ಹಾಗೆ.

ಮಂಚದಿಂದ ಗಾಲಿಕುರ್ಚಿಗೆ

ಸಹಾಯಕರ ಬೆನ್ನು ಹಾಳಾಗುವುದೂ, ವ್ಯಕ್ತಿ ಬೀಳುವುದೂ ಹೆಚ್ಚಾಗಿ ಇಲ್ಲಿಯೇ. ಮೊದಲು ಮಲಗುವ ಜಾಗ ನೋಡಿ. ಹಗ್ಗದ ಹೊರಸಿನಲ್ಲಿ ಸೊಂಟ ಕೆಳಗೆ ಜೋತು ಬೀಳುತ್ತದೆ, ಎಬ್ಬಿಸುವುದು ದುಪ್ಪಟ್ಟು ಕಷ್ಟ. ಹಲಗೆಯ ಮಂಚ ಬೇಕು, ಅದರ ಎತ್ತರ ಕುರ್ಚಿಯ ಸೀಟಿಗೆ ಸಮ ಇರಬೇಕು.

ಕುರ್ಚಿಯನ್ನು ಅವರ ಗಟ್ಟಿ ಇರುವ ಕೈಕಾಲಿನ ಕಡೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚಿ, ಆಮೇಲೆ ಒಮ್ಮೆ ಕುರ್ಚಿಯನ್ನು ದೂಡಿ ನೋಡಿ. ಗಾಳಿ ತುಂಬುವ ಟೈರಾದರೆ, ಗಾಳಿ ಕಡಿಮೆಯಾದಾಗ ಬ್ರೇಕ್ ಹಾಕಿದರೂ ಗಾಲಿ ಜಾರುತ್ತದೆ, ಏಕೆಂದರೆ ಬ್ರೇಕಿನ ತುಂಡು ಒತ್ತುವುದು ಟೈರಿನ ಮೇಲೆಯೇ. ವಾರಕ್ಕೊಮ್ಮೆ ಗಾಳಿ ಹೊಡೆಯುವುದೂ ಸಹಾಯಕರ ಕೆಲಸ.

‘ಅಣ್ಣಾರ, ಈಗ ಎಬ್ಬಿಸಲೇನ್ರಿ?’ ಎಂದು ಕೇಳಿ, ಹೂಂ ಎಂದ ಮೇಲೆಯೇ ಮುಟ್ಟಿ. ಮಂಚದ ಅಂಚಿಗೆ ಕೂರಿಸಿ ಒಂದೆರಡು ನಿಮಿಷ ಬಿಡಿ. ಬಹಳ ಹೊತ್ತು ಮಲಗಿದವರಿಗೆ ಎದ್ದ ಕೂಡಲೇ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಅವರ ಪಾದ ನೆಲಕ್ಕೆ ಪೂರಾ ಊರಿರಲಿ. ನಿಮ್ಮ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಅವರ ಬಲವಿಲ್ಲದ ಮಂಡಿಗೆ ನಿಮ್ಮ ಮಂಡಿಯನ್ನು ಆನಿಸಿ. ಹಿಡಿಯುವುದು ಅವರ ಸೊಂಟಕ್ಕೆ ಕಟ್ಟಿದ ಬೆಲ್ಟನ್ನು. ಕಂಕುಳಿಗೆ ಕೈ ಹಾಕಿ ಎಳೆಯುವ ಚಟ ಮನೆಮಂದಿಗೆಲ್ಲ ಇರುತ್ತದೆ; ಲಕ್ವಾ ಹೊಡೆದ ಬದಿಯ ಭುಜ ಅದರಿಂದಲೇ ಕೀಲು ಸಡಿಲವಾಗಿ ತಿಂಗಳುಗಟ್ಟಲೆ ನೋಯುತ್ತದೆ. ಒಂದು, ಎರಡು, ಮೂರು ಎಣಿಸಿ. ಅವರು ಮುಂದೆ ಬಾಗಿದಾಗ ಸೊಂಟ ತಾನೇ ಹಗುರಾಗಿ ಏಳುತ್ತದೆ. ಆಗ ನಿಮ್ಮ ಪಾದಗಳನ್ನು ಸರಿಸಿ ತಿರುಗಿ. ಪಾದ ಊರಿದಲ್ಲೇ ಇಟ್ಟು ನಡು ತಿರುಚಿದರೆ ಉಳುಕುವುದು ನಿಮ್ಮದು. ಹೊರಡುವ ಮುನ್ನ ಸೆರಗು, ದುಪಟ್ಟಾ ಗಾಲಿಗೆ ಸಿಕ್ಕಿಲ್ಲವೆಂದು ನೋಡಿ.

ಹಳೇ ಮನೆಗಳ ಎತ್ತರದ ಹೊಸ್ತಿಲು ಹತ್ತಿಸುವಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಸಣ್ಣ ಗಾಲಿಗಳನ್ನು ಮೊದಲು ದಾಟಿಸಿ. ಇಳಿಸುವಾಗ ನೀವು ಕೆಳಗೆ ನಿಂತು ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿಕೊಳ್ಳಿ.

ಚರ್ಮ, ನೀರು, ರೊಟ್ಟಿ

ಹಾಸಿಗೆ ಹುಣ್ಣು ಒಂದೇ ರಾತ್ರಿಯಲ್ಲಿ ಶುರುವಾಗಬಹುದು, ಮಾಯಲು ತಿಂಗಳುಗಳೇ ಬೇಕು. ಮಲಗಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಿ. ಕುರ್ಚಿಯಲ್ಲಿದ್ದವರು 15ರಿಂದ 30 ನಿಮಿಷಕ್ಕೊಮ್ಮೆ ಸೊಂಟ ಎತ್ತಬೇಕು ಇಲ್ಲವೇ ಬಾಗಿ ಭಾರ ಬದಲಿಸಬೇಕು. ದಿನಾ ಸ್ನಾನದ ಹೊತ್ತಿಗೆ ಹಿಮ್ಮಡಿ, ಬಾಲದೆಲುಬು, ಸೊಂಟದ ಎರಡೂ ಬದಿ ನೋಡಿ. ಕೆಂಪಾದಲ್ಲಿ ಬೆರಳಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಅದೇ ಮೊದಲ ಹಂತ. ಆ ಜಾಗಕ್ಕೆ ಭಾರ ಬೀಳಿಸಬೇಡಿ, ತಿಕ್ಕಲೂ ಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು, ಬಿಸಿ ಅಥವಾ ಗಡಸುತನವನ್ನು ಕೈಯಿಂದ ಮುಟ್ಟಿ ತಿಳಿಯಬೇಕು. ಮೈಕೆಳಗೆ ಕೌದಿ ಹಾಸುವುದಿದ್ದರೆ ದಪ್ಪ ಹೊಲಿಗೆಯ ಅಂಚು ಸೊಂಟದಡಿ ಬರಬಾರದು. ನಡುವೆ ತೂತಿರುವ ರಿಂಗ್ ದಿಂಬು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ, ಅದು ಬೇಡ.

ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಇನ್ನೊಂದು ಎಚ್ಚರಿಕೆ. ಬೆನ್ನುಹುರಿ ಮೇಲುಭಾಗದಲ್ಲಿ ಪೆಟ್ಟಾದವರಿಗೆ ಆ ಮಟ್ಟದ ಕೆಳಗೆ ಬೆವರೇ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಒದ್ದೆ ಬಟ್ಟೆ, ಫ್ಯಾನು, ನೆರಳು ಮೊದಲೇ ಸಿದ್ಧವಿರಲಿ. ಪದೇಪದೇ ಮೂತ್ರಕ್ಕೆ ಕರೆದೊಯ್ಯುವ ಕಾಟ ತಪ್ಪಲೆಂದು ನೀರು ಕಡಿಮೆ ಕೊಡುವವರಿದ್ದಾರೆ. ಇದು ಬರೀ ಕೆಟ್ಟ ರೂಢಿಯಲ್ಲ. ತಮ್ಮ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಅನ್ನ ನೀರು ಕೊಡದಿದ್ದರೆ 2016ರ ಕಾಯ್ದೆಯ 92ನೇ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಉಣಿಸುವಾಗ ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ. ಮಲಗಿಸಿ ಉಣಿಸಿದರೆ ತುತ್ತು ಶ್ವಾಸನಾಳಕ್ಕೆ ಇಳಿಯುತ್ತದೆ. ಕಟಕ್ ರೊಟ್ಟಿಯ ಪುಡಿ ಗಂಟಲಲ್ಲಿ ಚದುರುವುದರಿಂದ ನುಂಗಲು ತೊಂದರೆ ಇದ್ದವರಿಗೆ ಅಪಾಯ; ಬಿಸಿ ಮೆದು ರೊಟ್ಟಿಯನ್ನು ಹಾಲಿನಲ್ಲೋ ಬೇಳೆ ಸಾರಿನಲ್ಲೋ ಕಿವುಚಿ, ಚಹಾ ಚಮಚದಷ್ಟೇ ಕೊಡಿ. ನೀರಿಗಿಂತ ಗಟ್ಟಿ ಅಂಬಲಿ ಕೆಲವರಿಗೆ ಸಲೀಸು. ಕೆಮ್ಮು ಅಥವಾ ಗುಳುಗುಳು ದನಿ ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಊಟವಾದ ಮೇಲೆ ಅರ್ಧ ತಾಸು ಕೂತೇ ಇರಲಿ.

ಫಿಟ್ಸ್ ಬಂದಾಗ ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವವರು ಇನ್ನೂ ಇದ್ದಾರೆ. ಅವರನ್ನು ಬದಿಗೆ ಸರಿಸಿ, ಗಡಿಯಾರ ನೋಡಿ. ಫಿಟ್ಸ್ ಬಂದವರ ತಲೆ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ 108.

ಮಕ್ಕಳ ಜೊತೆ

ಬುದ್ಧಿಮಾಂದ್ಯ ಮಗುವಿಗೆ ‘ಕೈ ತೊಳಿ’ ಎಂದರೆ ಒಂದು ಕೆಲಸವಲ್ಲ, ಏಳೆಂಟು ಕೆಲಸ: ನಳ ತಿರುವು, ಕೈ ಒದ್ದೆ ಮಾಡು, ಸಬ್ಬಕಾರ ಹಚ್ಚು... ಎಲ್ಲವನ್ನೂ ನೀವೇ ಮಾಡಿ ಕೊನೆಯದನ್ನು, ಅಂದರೆ ಟವೆಲ್ಲಿನಿಂದ ಒರೆಸಿಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಕೈಗೂಡಿದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದು. ಮೇಲೆ ಕೈ ಹಿಡಿದು ಮಾಡಿಸುವುದನ್ನು ವಾರವಾರ ಸಡಿಲಿಸುತ್ತ ಬನ್ನಿ, ಇಲ್ಲವಾದರೆ ನಿಮ್ಮ ಕೈ ಬರುವವರೆಗೆ ಮಗು ಕಾಯುತ್ತಲೇ ಇರುತ್ತದೆ.

ಕೆಲಸಕ್ಕೆ ಸೇರುವ ದಿನ ತಾಸು, ವಾರದ ರಜೆ, ಪಗಾರ, ಯಾವ ಕೆಲಸ ನಿಮ್ಮದಲ್ಲ (ಇಡೀ ಮನೆಯ ಮುಸುರೆ, ಬಟ್ಟೆ) ಎಂಬುದನ್ನು ಹಾಳೆಯ ಮೇಲೆ ಬರೆಸಿಕೊಳ್ಳಿ. ಒಂದು ನೂರು ಪುಟದ ನೋಟ್‌ಬುಕ್ ಇಡಿ: ಮಗ್ಗುಲು ಬದಲಿಸಿದ ಸಮಯ, ಕುಡಿದ ನೀರು, ಮೂತ್ರ, ಚರ್ಮದ ಗುರುತು. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಅದನ್ನು ಓದುವವರು ಮರಾಠಿಯವರೂ ಇರಬಹುದು, ಆದ್ದರಿಂದ ಸಮಯ ಮತ್ತು ಅಳತೆಯನ್ನು ಅಂಕಿಗಳಲ್ಲೇ ಬರೆಯಿರಿ.