ಕಾಫಿ ಕಣದಲ್ಲಿ ಕಟ್ಟಿದ ತಂಡ: ನನ್ನ ಅನುಭವ

2024ರಲ್ಲಿ ಕೊಡಗಿನ ನಾಪೋಕ್ಲುವಿನಲ್ಲಿ 360 ಒಕ್ಕಗಳು (ಕೊಡವ ಮನೆತನಗಳು) ಸೇರಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ನಮ್ಮ ತಂಡ ಮೂರು ಪಂದ್ಯ ಗೆದ್ದು ನಾಲ್ಕನೆಯದರಲ್ಲಿ ಸೋತಿತು. ಕಪ್ ಎತ್ತಿದ ಒಕ್ಕಗಳಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಆದರೆ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ತಂಡಗಳೊಂದಿಗೆ ಈ ಪಂದ್ಯಾವಳಿಯನ್ನು ಆರಂಭಿಸಿದಂದಿನಿಂದ, ಆಡಿದ ವರ್ಷಗಳಲ್ಲೆಲ್ಲ ನಾವು ಮೊದಲ ಪಂದ್ಯಕ್ಕೇ ಗಂಟುಮೂಟೆ ಕಟ್ಟಿದವರು. ಮಕ್ಕಳಿಗೆ ಸ್ಟಿಕ್ ಬೀಸಿ ಹಿಟ್ ಹೊಡೆಯಲು ಬಿಡದೆ ನಾನು ಬರೀ ಪುಶ್ (ಬೀಸದೆ ಚೆಂಡನ್ನು ತಳ್ಳುವುದು) ಮತ್ತು ಸ್ಟಾಪ್ (ಬಂದ ಚೆಂಡನ್ನು ನಿಲ್ಲಿಸುವುದು) ಮಾಡಿಸುತ್ತಿದ್ದಾಗ "ಇದೇನು ಹಾಕಿಯೋ ಗೋಲಿಯಾಟವೋ" ಎಂದು ಕೇಳಿದವರು ಹೊರಗಿನವರಲ್ಲ, ನಮ್ಮ ದೊಡ್ಡಪ್ಪನವರೇ.

2022ರ ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಮುಗಿದ ವಾರ ಐನ್‌ಮನೆಯ, ಅಂದರೆ ಒಕ್ಕದ ಮೂಲ ಮನೆಯ, ಕಾಫಿ ಒಣಗಿಸುವ ಕಣದಲ್ಲಿ ಒಂಬತ್ತು ಮಕ್ಕಳನ್ನು ಸೇರಿಸಿದೆ. ಸಿಮೆಂಟಿನ ಕಣ ನುಣುಪಾಗಿದ್ದು, ಚೆಂಡು ಚೆನ್ನಾಗಿ ಉರುಳುತ್ತದೆ. ಆದರೆ ಡಿಸೆಂಬರಿನಲ್ಲಿ ಅರೇಬಿಕಾ ಬಂದು ಹರಡಿಕೊಂಡರೆ, ಅದರ ಹಿಂದೆಯೇ ರೊಬಸ್ಟಾ ಬಂದು, ಮಾರ್ಚ್ ಕಳೆಯುವವರೆಗೆ ಕಣ ನಮ್ಮದಲ್ಲ. ಅಭ್ಯಾಸ ಬೇಕಾದದ್ದೇ ಆಗ. ಒಂದು ಸಂಜೆ ಮೂಲೆಯಲ್ಲಿ ಆಡಿಸಲು ಹೋಗಿ, ಒಣಗುತ್ತಿದ್ದ ಕಾಫಿಯನ್ನು ಮಕ್ಕಳು ತುಳಿದದ್ದಕ್ಕೆ ನನ್ನ ದಾಯಾದಿಯೊಬ್ಬರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಕೊಯ್ಲಾದ ಗದ್ದೆಗೆ ಹೋದೆವು; ಕೂಳೆಗೆ ತಾಗಿ ಚೆಂಡು ಎಗರಿ ಅಣ್ಣನ ಮಗಳ ಗಲ್ಲಕ್ಕೆ ನಾಲ್ಕು ಹೊಲಿಗೆ ಬಿದ್ದವು. 2023ರಲ್ಲಿ ಮೊದಲ ಪಂದ್ಯವನ್ನು 4–0ಯಿಂದ ಸೋತೆವು. ಪುಶ್ ಕಲಿತ ಮಕ್ಕಳು ಚೆಂಡಿಗಾಗಿ ಕಾಯುತ್ತಿದ್ದರು, ದೊಡ್ಡವರು ಅದನ್ನು ಅವರ ತಲೆಯ ಮೇಲಿಂದ ಹೊಡೆದು ಕಳಿಸುತ್ತಿದ್ದರು.

ಮಕ್ಕಳಿಗೆ ಮಾತ್ರ ಕಲಿಸಿದ್ದೇ ನನ್ನ ತಪ್ಪು. ಗಂಡಸರು, ಹೆಂಗಸರು, ಅಜ್ಜಂದಿರು, ಮಕ್ಕಳು ಒಂದೇ ತಂಡದಲ್ಲಿ ಆಡುವ ಪಂದ್ಯಾವಳಿಗೆ ಮಕ್ಕಳನ್ನು ಪ್ರತ್ಯೇಕವಾಗಿ ತಯಾರಿಸಿ ಏನು ಬಂತು? ಎರಡನೆಯ ವರ್ಷ ಪ್ರತಿ ಮಗುವಿಗೆ ಒಬ್ಬ ಹಿರಿಯರನ್ನು ಜೋಡಿ ಮಾಡಿದೆ. ಅಭ್ಯಾಸದ ಮೊದಲ ಇಪ್ಪತ್ತು ನಿಮಿಷ ಜೋಡಿಯವರಿಗೆ ಬಿಟ್ಟು ಬೇರೆ ಯಾರಿಗೂ ಚೆಂಡು ಕೊಡುವಂತಿಲ್ಲ. ಜೋಡಿಗಳನ್ನು ಚೀಟಿ ಎತ್ತಿ ಆರಿಸಿದ್ದೆಂದು ಎಲ್ಲರೂ ನಂಬಿದ್ದರು. ನಿಜವೆಂದರೆ, ಆಸ್ತಿ ಪಾಲಿನ ವಿಷಯದಲ್ಲಿ ಮುಖ ನೋಡದಿದ್ದ ಮನೆಗಳನ್ನೇ ನಾನು ಎದುರುಬದುರು ನಿಲ್ಲಿಸಿದ್ದೆ. ದೊಡ್ಡಪ್ಪನವರಿಗೆ ಸಿಕ್ಕಿದವಳು ಚಿಕ್ಕಪ್ಪನ ಹದಿಮೂರು ವರ್ಷದ ಮೊಮ್ಮಗಳು. ಅವಳು ಕೊನೆಯ ಡಿಫೆಂಡರ್‌ನ ಹಿಂದೆ ನಿಂತಾಗಲೆಲ್ಲ ಇವರು "ಆಫ್‌ಸೈಡ್" ಎಂದು ಕೂಗುವುದು, ಆ ನಿಯಮವನ್ನು ತೊಂಬತ್ತರ ದಶಕದಲ್ಲೇ ತೆಗೆದುಹಾಕಿದ್ದಾರೆಂದು ಅವಳು ವಾದಿಸುವುದು, ಹೀಗೆ ಎರಡು ವಾರ ನಡೆಯಿತು. ಮೂರನೆಯ ವಾರ ಅವಳನ್ನು ಕರೆತರಲು ಜೀಪು ಇರಲಿಲ್ಲ. ಸುಮಾರು ಏಳು ವರ್ಷ ಆ ಮನೆಯ ಮೆಟ್ಟಿಲು ತುಳಿಯದಿದ್ದ ದೊಡ್ಡಪ್ಪ ತಾವೇ ಜೀಪು ತೆಗೆದುಕೊಂಡು ಹೋದರು. ಬರುವಾಗ ತಡವಾಗಿತ್ತು, ಕಾಫಿ ಕುಡಿದು ಬಂದಿದ್ದರು.

ಕೂಳೆಯ ಗದ್ದೆಯನ್ನೂ ಬಿಡಲಿಲ್ಲ. ಅಲ್ಲಿ ಟೆನ್ನಿಸ್ ಚೆಂಡಿನಲ್ಲಿ ಬರೀ ಸ್ಟಾಪ್ ಮಾಡಿಸಿದೆ. ಎತ್ತ ಎಗರುತ್ತದೆಂದು ತಿಳಿಯದ ಚೆಂಡನ್ನು ಹಿಡಿದು ರೂಢಿಯಾದವರಿಗೆ ಮೈದಾನದ ಚೆಂಡು ಸಾಕುಪ್ರಾಣಿಯಂತೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಜಗಲಿಯ ಮೇಲೆ ಸದ್ದಾಗದಿರಲೆಂದು ಚೆಂಡಿಗೆ ಹಳೆಯ ಕಾಲುಚೀಲ ಸುತ್ತಿ ನೋಡಿದ್ದು ಮಾತ್ರ ಕೆಟ್ಟಿತು; ಅದಕ್ಕೆ ಒಗ್ಗಿದ ಕೈಗಳಿಂದ ನಿಜವಾದ ಚೆಂಡು ಜಾರಿ ಓಡುತ್ತಿತ್ತು.

ಖರ್ಚಿನಲ್ಲಿ ನಾನು ಹೆಚ್ಚು ಪೆಟ್ಟು ತಿಂದದ್ದು ಗೋಲ್‌ಕೀಪರ್ ಪ್ಯಾಡಿನಲ್ಲಿ. ಯಾರೋ ಬಳಸಿದ್ದನ್ನು ಹದಿನಾಲ್ಕು ಸಾವಿರ ಕೊಟ್ಟು ತಂದರೆ, ಒಂದು ಮಳೆಗೇ ಫೋಮ್ ಪದರ ಪದರವಾಗಿ ಕಿತ್ತು ಬಂತು. ಜಲಂಧರದ ಹೊಸ ಸ್ಟಿಕ್‌ಗಳನ್ನು ಆರು ಮಾತ್ರ ಕೊಂಡೆ, ಒಂದಕ್ಕೆ ಸುಮಾರು ಸಾವಿರದ ಎಂಟುನೂರು. ಉಳಿದವು ಅಟ್ಟದಲ್ಲಿದ್ದ ಹಳೆಯ ಮರದ ಸ್ಟಿಕ್‌ಗಳು. ಮಕ್ಕಳ ಎತ್ತರಕ್ಕೆ ಹಿಡಿಯ ಕಡೆಯಿಂದ ಕತ್ತರಿಸಿದಾಗ ತಲೆಭಾರವಾಗಿ ಮಣಿಕಟ್ಟು ನೋಯತೊಡಗಿತು. ಹಿಡಿಯ ತುದಿಗೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿದ ಮೇಲೆ ತೂಕ ಸರಿಹೋಯಿತು. ಎರಡು ವರ್ಷಕ್ಕೆ ಅಂದಾಜು ಅರವತ್ತು ಸಾವಿರ ಆಗಿರಬೇಕು. ಅದರಲ್ಲಿ ಮೂರನೆಯ ಒಂದು ಭಾಗ ನನ್ನ ಜೇಬಿನದು, ಮಿಕ್ಕದ್ದು ಒಕ್ಕದ ಕರಿಮೆಣಸಿನ ಹಣ.

2024ರಲ್ಲಿ ಪುಶ್‌ನ ಫಲ ಕಂಡದ್ದು ಪೆನಾಲ್ಟಿ ಕಾರ್ನರಿನಲ್ಲಿ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ, ಗೋಲಿನ ಗೆರೆಯಿಂದ ಒಬ್ಬರು ಒಳಕಳಿಸಿದ ಚೆಂಡನ್ನು ಗೋಲಿಗೆ ಹೊಡೆಯುವ ಅವಕಾಶದಲ್ಲಿ. ಮೊದಲ ಹೊಡೆತ ಹಿಟ್ ಆದರೆ ಗೋಲಿನ ಗೆರೆ ದಾಟುವಾಗ ಚೆಂಡು 46 ಸೆಂಟಿಮೀಟರಿಗಿಂತ ಮೇಲಿರಬಾರದು, ಪುಶ್ ಅಥವಾ ಫ್ಲಿಕ್‌ಗೆ (ಚೆಂಡನ್ನು ಮೇಲೆತ್ತಿ ತಳ್ಳುವುದು) ಆ ಮಿತಿಯಿಲ್ಲ. ಎದುರಾಳಿ ಗೋಲ್‌ಕೀಪರ್ ಹಿಟ್ ಬರುತ್ತದೆಂದು ಅಡ್ಡ ಮಲಗಿದಾಗ, ನಮ್ಮ ಹದಿನಾರರ ಹುಡುಗ ಎರಡು ಬಾರಿ ಅವರ ಮೇಲಿಂದಲೇ ಚೆಂಡನ್ನು ತೂರಿದ. ಆ ಪಂದ್ಯ ಮುಗಿದ ಮೇಲೆ ನನ್ನ ವಿಧಾನ ಕೇಳಿಕೊಂಡು ಮೂರು ಒಕ್ಕದವರು ಬಂದರು, ಹೇಳಿಕೊಳ್ಳಲು ಸಂಕೋಚವಿಲ್ಲ. ಚೆಂಡು ಒಳಕಳಿಸುವವಳು ಕೊಡುವ ಸನ್ನೆ ಯಾವುದೆಂದು ಅವರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಓದುವವರಲ್ಲಿ ಅರ್ಧ ಜನ ಮುಂದೆ ಎದುರಾಗುವವರೇ.

ನಾಲ್ಕನೆಯ ಪಂದ್ಯದಲ್ಲಿ ನಮಗೆ ಓಡಲು ಉಸಿರಿರಲಿಲ್ಲ, ದೂರಕ್ಕೆ ಚೆಂಡು ಕಳಿಸುವವರೂ ಇರಲಿಲ್ಲ. ಹಾಗಾಗಿ ಇನ್ನು ಮಕ್ಕಳಿಗೆ ಹಿಟ್ ಕಲಿಸೋಣ ಎಂದೆ. ದೊಡ್ಡಪ್ಪನವರು ಒಪ್ಪುತ್ತಿಲ್ಲ. ಪುಶ್ ಇನ್ನೂ ಪಕ್ವವಾಗಿಲ್ಲ, ಒಂದು ವರ್ಷ ಹೋಗಲಿ ಎನ್ನುತ್ತಿದ್ದಾರೆ.