ಸೈನಿಕರಿಗೆ ಪಿಟಿಎಸ್‌ಡಿ ಇದ್ದರೆ ಚಿಕಿತ್ಸೆ ಹೇಗೆ ಶುರು ಮಾಡಬೇಕು

ಟೈರ್ ಸಿಡಿದ ಸದ್ದಿಗೆ ನೆಲಕ್ಕೆ ಬೀಳುವುದು, ರಾತ್ರಿ ಮತ್ತೆ ಮತ್ತೆ ಎದ್ದು ಬಾಗಿಲ ಚಿಲಕ ನೋಡುವುದು, ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ಮನೆಯವರು ಇದನ್ನೆಲ್ಲ ನೋಡಿ "ಸೈನ್ಯದಲ್ಲಿ ಇದ್ದು ಬಂದವರು ಹೀಗೇ" ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಕೆಟ್ಟ ಕನಸು, ಸಿಡುಕು, ಮಂಕು ಇಂಥವು ಒಂದು ತಿಂಗಳಿಗಿಂತ ಜಾಸ್ತಿ ಉಳಿದು, ಕೆಲಸಕ್ಕೋ ಸಂಸಾರಕ್ಕೋ ಅಡ್ಡಿಯಾಗುತ್ತಿದ್ದರೆ ಪಿಟಿಎಸ್‌ಡಿ ಇರಬಹುದು. ಇದು ಭಯಾನಕ ಘಟನೆಯ ಆಘಾತದಿಂದ ಬರುವ ಮನಸ್ಸಿನ ಕಾಯಿಲೆ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಮೊದಲು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. "ನೀವು ಆಘಾತದ ನೆನಪಿನ ಮೇಲೇ ಕೆಲಸ ಮಾಡುವ ಥೆರಪಿ ಕೊಡುತ್ತೀರಾ?" ಎಂದು ನೇರವಾಗಿ ಕೇಳಿ. ಈ ಪ್ರಶ್ನೆ ಮುಖ್ಯ. ಯಾಕೆಂದರೆ ಆ ನೆನಪಿನಿಂದ ತಪ್ಪಿಸಿಕೊಂಡು ಓಡಿದಷ್ಟೂ ಕಾಯಿಲೆ ಬೇರು ಬಿಡುತ್ತದೆ, ಬರೀ ಸಮಾಧಾನದ ಮಾತು ಸಾಲುವುದಿಲ್ಲ.

ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಎಂಬ ಥೆರಪಿಯಲ್ಲಿ ನಡೆದದ್ದನ್ನು ಥೆರಪಿಸ್ಟ್ ಎದುರು ಮತ್ತೆ ಮತ್ತೆ ಹೇಳಬೇಕು, ಹೆದರಿ ಬಿಟ್ಟಿದ್ದ ಜಾಗಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು 90 ನಿಮಿಷ. ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಎಂಬುದು ಸುಮಾರು 12 ಭೇಟಿಯದು. "ನನ್ನಿಂದಲೇ ನನ್ನ ಜೊತೆಗಾರ ಸತ್ತ" ಎಂಬಂಥ ಯೋಚನೆ ಎಷ್ಟು ನಿಜ ಎಂದು ಅಲ್ಲಿ ಕೂತು ಪರೀಕ್ಷಿಸುತ್ತಾರೆ, ಸೈನಿಕರನ್ನು ಭಯಕ್ಕಿಂತ ಇಂಥ ತಪ್ಪಿತಸ್ಥ ಭಾವವೇ ಕಾಡುತ್ತಿದ್ದರೆ ನನ್ನ ಪ್ರಕಾರ ಇದನ್ನೇ ಮೊದಲು ಕೇಳಿ ನೋಡಬೇಕು. ಇಎಂಡಿಆರ್ ಎಂಬ ಥೆರಪಿ ಕೂಡ ಇದೆ, ಅದರಲ್ಲಿ ಆ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುತ್ತಾರೆ. ಶುರುವಿನ ವಾರಗಳಲ್ಲಿ ಕೆಲವರಿಗೆ ಕನಸು, ಕಳವಳ ಇನ್ನೂ ಹೆಚ್ಚುತ್ತದೆ. ತುಂಬ ಜನ ಬಿಟ್ಟುಬಿಡುವುದು ಆಗಲೇ. ಬಿಡುವ ಮೊದಲು ಥೆರಪಿಸ್ಟ್ ಹತ್ತಿರ ಹೇಳಿ.

ಮಾತ್ರೆಗಳಲ್ಲಿ ಸರ್ಟ್ರಾಲಿನ್, ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಕೊಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು, ದಿಢೀರ್ ಅಂತ ನಿಲ್ಲಿಸಬಾರದು. ಕಳವಳ ತಗ್ಗಿಸುವ ಆಲ್ಪ್ರಜೋಲಮ್ ಥರದ ಮಾತ್ರೆ ಆ ಹೊತ್ತಿಗೆ ಹಾಯೆನಿಸಬಹುದು, ಆದರೆ ಪಿಟಿಎಸ್‌ಡಿಗೆ ಅದು ಸಲ್ಲದು, ಚಟವೂ ಹತ್ತಬಹುದು. ನಿದ್ದೆಗೆಂದು ಕುಡಿಯುವುದೂ ಅಷ್ಟೇ: ಬೇಗ ನಿದ್ದೆ ಬಂದರೂ ನಡುರಾತ್ರಿ ಎಚ್ಚರವಾಗುತ್ತದೆ. ಕುಡಿತ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಮನೆಯವರಿಗೆ ಒಂದು ಮಾತು. "ಅಲ್ಲಿ ಏನಾಯಿತು, ಹೇಳು" ಎಂದು ಪೀಡಿಸಬೇಡಿ, ಹೇಳಲು ಶುರು ಮಾಡಿದರೆ ಎದ್ದು ಹೋಗಲೂ ಬೇಡಿ. ಕೆಟ್ಟ ಕನಸಿನಲ್ಲಿ ಒದ್ದಾಡುತ್ತಿದ್ದಾಗ ಮುಟ್ಟಿ ಎಬ್ಬಿಸಬೇಡಿ, ಗಾಬರಿಯಲ್ಲಿ ಕೈ ಎತ್ತಿಬಿಡಬಹುದು. ದೂರ ನಿಂತು ಹೆಸರು ಹಿಡಿದು ಕರೆಯಿರಿ, ದೀಪ ಹಾಕಿ.

"ನಾನಿಲ್ಲದಿದ್ದರೇ ಒಳ್ಳೆಯದು" ಎಂಬ ಥರ ಮಾತು ಬಂದರೆ ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿ ಬಂದೂಕಿದ್ದರೆ ಅವರ ಕೈಗೆ ಸಿಗದ ಹಾಗೆ ಬೇರೆ ಕಡೆ ಇಡಿಸಿ. ಅಪಾಯ ಅನಿಸಿದರೆ ಅವರನ್ನು ಒಬ್ಬರೇ ಬಿಡದೆ, ತುರ್ತು ಸಹಾಯಕ್ಕೆ ಫೋನ್ ಮಾಡಿ ಅಥವಾ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.